ದಾಳಿಂಬೆ ರಸದ ಪಾಷ್ಟಿತ್ಸಾದಾ

"ನಮ್ಮ ತೋಟದ ವೈನ್ ನಿನ್ನ ಪಾತ್ರೆಗೆ ಲಾಯಕ್ಕಿಲ್ಲವೇನೇ?!"

ಪೆರೀನಾ ಮೇಜು ಕುಟ್ಟಿದಳು. ಮಗನಿಗೆ ಹೆಣ್ಣು ನೋಡಲು ತೋಂಕಾಳ ಖಾನಾವಳಿಗೆ ಬಂದವಳು ಅವಳು. ಮುಂಚೆಯೇ ಕಳಿಸಿದ್ದ ಕೆಂಪು ವೈನ್ ಜಾಡಿಯ ಬಿರಡೆಯನ್ನೂ ಯಾರೂ ತೆಗೆದಿರಲಿಲ್ಲ!

"ಪಾಷ್ಟಿತ್ಸಾದಾಗೆ ವೈನ್ ಹಾಕದವಳು ಈ ಹ್ವಾರ್ ದ್ವೀಪದಲ್ಲಿ ನೀನೊಬ್ಬಳೇ! ದನದ ಮಾಂಸನ ನೀರಲ್ಲಿ ಬೇಯಿಸಿದೆಯಾ?"

"ನೀರಲ್ಲ ಅತ್ತೆ. ಹುಳಿ ದಾಳಿಂಬೆ ರಸ, ಸ್ವಲ್ಪ ವಿನೆಗರ್, ಒಣ ಅಂಜೂರ. ರುಚಿ ನೋಡಿ..."

"ಅತ್ತೆ ಅನ್ಬೇಡ! ಇನ್ನೂ ಆಗಿಲ್ಲ."

ಪಕ್ಕದಲ್ಲಿ ಕೂತಿದ್ದ ಮಗ ಬಾರ್ತುಲ್‌ಗೂ ಸಿಟ್ಟು ಬಂತು. "ತೋಂಕಾ, ಅಪ್ಪ ನೆಟ್ಟ ಬಳ್ಳಿಯ ವೈನ್ ಅದು. ಅಷ್ಟು ತಾತ್ಸಾರನಾ ನಿಂಗೆ?"

ಇಂಥ ಹೊತ್ತಲ್ಲಿ ಗಂಡಸರಿಗೆ ಬಾಯಿ ಬೇಗ, ಬುದ್ಧಿ ನಿಧಾನ!

ತೋಂಕಾ ತುಟಿ ಕಚ್ಚಿಕೊಂಡಳು. ಹೇಳಿಬಿಡಲೇ? ತಾಯಿಯ ಮುಂದೆ ಇವನ ಗುಟ್ಟು ಬಿಚ್ಚಿದರೆ ಇವನು ನನ್ನವನಾಗಿ ಉಳಿಯುವನೇ?

ಸಿಟ್ಟಿನಲ್ಲೇ ಬಾರ್ತುಲ್ ಒಂದು ತುಂಡು ಬಾಯಿಗೆ ಹಾಕಿಕೊಂಡ. ಜಗಿಯುವುದು ನಿಧಾನವಾಯಿತು. ಇನ್ನೊಂದು ತುಂಡು... ವೈನ್ ಇಲ್ಲದೆ ಈ ರುಚಿಯೇ? ಯಾಕೆ ಇಷ್ಟು ಕಷ್ಟಪಟ್ಟಳು ಇವಳು?

ದಿನಾ ಸಂಜೆ ತಾನು ಕೂರುವ ಕಿಟಕಿಯ ಕಡೆ ಕಣ್ಣು ಹೋಯಿತು.

"ಅಲ್ಲಿದ್ದ ರೋಸ್‌ಮರಿ ಗಿಡ ಎಲ್ಲಿ?"

"ಸತ್ತೋಯ್ತು. ದಿನಾ ಒಂದು ಲೋಟ ವೈನ್ ಕುಡಿಸಿದ್ರೆ ಯಾವ ಗಿಡ ಬದುಕುತ್ತೆ?"

ಅವನ ಕೈಯಲ್ಲಿದ್ದ ಫೋರ್ಕ್ ತಟ್ಟೆಗೆ ಬಿತ್ತು. "ನಿಂಗೆ... ಗೊತ್ತಿತ್ತಾ?"

"ಎರಡನೇ ಗಿಡ ಒಣಗಿದಾಗ ಗೊತ್ತಾಯ್ತು."

"ಯಾವ ಗಿಡ? ಏನೋ ಇದು?" ಪೆರೀನಾ ಕಿರುಚಿದಳು.

ಬಾರ್ತುಲ್ ಉಸಿರೆಳೆದುಕೊಂಡ. "ಅಮ್ಮಾ, ನಾನು ಕುಡಿಯೋದು ಬಿಟ್ಟಿದ್ದೀನಿ. ಒಂದು ಗುಟುಕು ಹೋದ್ರೆ ನಿಲ್ಸೋಕಾಗಲ್ಲ ನಂಗೆ. ಊರವರಿಗೆ ಗೊತ್ತಾಗದಿರಲಿ ಅಂತ ಇಲ್ಲಿ ವೈನ್ ತರಿಸ್ಕೊಂಡು ಗಿಡಕ್ಕೆ ಸುರೀತಿದ್ದೆ."

"ವೈನ್ ಮಾಡೋ ಮನೆ ಮಗ! ಊರೆಲ್ಲ ನಗುತ್ತೋ!"

"ನಗಲಿ."

ಪೆರೀನಾ ಜಾಡಿಯನ್ನು ಕಂಕುಳಿಗೇರಿಸಿದಳು. "ಮದುವೆ ಊಟಕ್ಕೆ ನಮ್ಮ ವೈನ್ ಇಲ್ಲ ಅಂದ್ರೆ ನಾನೂ ಇಲ್ಲ!"

ಬಾಗಿಲು ತೆರೆದೇ ಉಳಿಯಿತು. ಇಬ್ಬರೂ ಕಿವಿಗೊಟ್ಟು ಕಾದರು. ಹೆಜ್ಜೆ ಸಪ್ಪಳ ಬಂದರಿನವರೆಗೂ ಇಳಿದು ಹೋಯಿತು. ಅವಳು ವಾಪಸ್ಸು ಬರಲಿಲ್ಲ.

"ಹೋಗಿ ಕರ್ಕೊಂಡು ಬಾ..." ತೋಂಕಾ ಕಣ್ಣೊರೆಸಿಕೊಂಡಳು.

"ಇವತ್ತು ಬೇಡ. ಇನ್ನೊಂದು ತುಂಡು ಹಾಕು." ಅವನ ಕಣ್ಣೂ ಒದ್ದೆಯಾಗಿತ್ತು. "ಇದರಲ್ಲಿ ಇನ್ನೇನೋ ಇದೆ ಕಣೇ. ಏನದು?"

"ಮದುವೆ ಆದ್ಮೇಲೆ ಹೇಳ್ತೀನಿ."

"ಹಾಗಾದ್ರೆ ಮದುವೆ ಊಟಕ್ಕೂ ಇದೇ ಆಗ್ಬೇಕು!"

ಅವಳು ಅಳುತ್ತಲೇ ನಕ್ಕಳು. ಒಳಗಿನಿಂದ ಹೊಸ ರೋಸ್‌ಮರಿ ಕುಂಡ ತಂದು ಅವನ ಕಿಟಕಿಯಲ್ಲಿಟ್ಟಳು.

"ಇದಕ್ಕೆ ನೀರು ಹಾಕು, ಆಯ್ತಾ? ಬರೀ ನೀರು!"