ಅವ್ವನ ನೇಗಿಲು, ಬಿಸಿ ಸಮುದ್ರ

"ನಿಮ್ಮವ್ವ ಮಳೆ ಓಡ್ಸವ್ಳೆ. ನನ್ ಪಕ್ಕ ಕೂರಬ್ಯಾಡ," ಎಂದ ಶಾಲೆಯಲ್ಲಿ ನಿಂಗರಾಜು.

ಪುಟ್ಟಸಿದ್ದಿ ಕೂತಲ್ಲಿಂದ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅಷ್ಟು ನೀರೂ ಆ ವರ್ಷ ಕಟ್ಟೆಮಳಲವಾಡಿಯ ಮೋಡದಲ್ಲಿರಲಿಲ್ಲ.

ಅದು 1972ರ ಆಷಾಢ. ಅಪ್ಪ ಅಂಕಯ್ಯ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹೊಲ ಬೀಳು ಬಿಡಲಾರದೆ ಅವ್ವನೇ ನೇಗಿಲು ಹಿಡಿದಳು. ಆಮೇಲೆ ಮಳೆ ಬರಲಿಲ್ಲ. ಹೆಂಗಸು ನೇಗಿಲು ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಊರ ಹಿರಿಯ ಷಣ್ಮುಖಪ್ಪ ತೀರ್ಪು ಕೊಟ್ಟ. ಮಳೆ ಬರೋತನಕ ಅವಳು ಊರಬಾವಿಗೆ ಬರಕೂಡದು ಅಂದ. ಅವನು ನೇಗಿಲು ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಅವ್ವ ದೂರದ ಹೊಳೆಯಿಂದ ನೀರು ಹೊರತೊಡಗಿದಳು.

ನಿಂಗರಾಜುವಿನ ಮಾತು ತಿಮ್ಮಯ್ಯ ಮೇಷ್ಟ್ರ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ಗ್ಲೋಬ್ ತಂದು ತಿರುಗಿಸಿ, ಭೂಮಿಯ ಆಚೆ ಬದಿಯ ಪೆಸಿಫಿಕ್ ಸಾಗರ ತೋರಿಸಿದರು. ಕೆಲವು ವರ್ಷಕ್ಕೊಮ್ಮೆ ಅಲ್ಲಿನ ನೀರು ಬಿಸಿಯಾಗುತ್ತದೆ, ಆಗ ಗಾಳಿಯ ದಾರಿ ಬದಲಾಗಿ ನಮ್ಮ ಮುಂಗಾರು ಸೊರಗುತ್ತದೆ ಎಂದು ತಿಳಿದವರಿಗೆ ಅನುಮಾನವಂತೆ. ಈ ಸಲ ಬೊಂಬಾಯಿ ಕಡೆಯೂ ಮಳೆಯಿಲ್ಲವಂತೆ.

ಸಂಜೆ ಪುಟ್ಟಸಿದ್ದಿ ನೇರ ಅರಳಿಕಟ್ಟೆಗೆ ಹೋಗಿ, ಅಲ್ಲಿ ಕೂತಿದ್ದ ಷಣ್ಮುಖಪ್ಪನಿಗೆ ಕೇಳಿದ್ದನ್ನೆಲ್ಲ ಹೇಳಿದಳು. ಪಕ್ಕದ ಬಾವಿಕಟ್ಟೆಯಲ್ಲಿದ್ದ ಹೆಂಗಸರೂ ಕಿವಿ ನಿಮಿರಿಸಿದರು.

ಷಣ್ಮುಖಪ್ಪ ಮೀಸೆ ತಿರುವಿದ. "ಎಲ್ಲೋ ಸಮುದ್ರಕ್ಕೆ ಜ್ವರ ಬಂದ್ರೆ ನಮ್ಮೂರ್ಗೆ ಮಳೆ ನಿಂತದಾ? ನಿಮ್ಮವ್ವ ನೇಗ್ಲು ಮುಟ್ಟಿದ್ಕೇ ಕಣವ್ವ."

"ಬೊಂಬಾಯಿ ಕಡೀಕೂ ಮಳೆ ಇಲ್ವಂತೆ ತಾತ. ನಮ್ಮವ್ವ ಅಲ್ಲೀಗಂಟ ಯಾವಾಗ ಉಳಾಕೋದ್ಳು?"

ಬಾವಿಕಟ್ಟೆಯಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬಳು ಸೆರಗು ಬಾಯಿಗಿಟ್ಟಳು. ಕೊನೆಗೆ ಷಣ್ಮುಖಪ್ಪನ ಸೊಸೆಯೇ ನಕ್ಕುಬಿಟ್ಟಳು. ತಾತ ಟವಲ್ ಕೊಡವಿ ಎದ್ದುಹೋದ.

ಮಾರನೇ ಬೆಳಿಗ್ಗೆ ಅವ್ವ ಪುಟ್ಟಸಿದ್ದಿಯ ಜೊತೆ ಬಿಂದಿಗೆ ಹಿಡಿದು ಬಾವಿಗೆ ನಡೆದಳು. ಬಾ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಬ್ಬಳು ಹಗ್ಗ ಕೊಟ್ಟಳು. ಜಗಲಿಯಲ್ಲಿದ್ದ ಷಣ್ಮುಖಪ್ಪ ಆಕಾಶ ನೋಡತೊಡಗಿದ, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಪೆಸಿಫಿಕ್ಕು ಯಾರಿಗೂ ಅರ್ಥವಾಗಿಲ್ಲ ಅಂತ ಪುಟ್ಟಸಿದ್ದಿಗೆ ಗೊತ್ತಿತ್ತು. ಆದರೆ ಒಮ್ಮೆ ನಕ್ಕ ಮೇಲೆ ಆ ಮೀಸೆಗೆ ಹೆದರುವುದು ಆ ಹೆಂಗಸರಿಗೆ ಕಷ್ಟವಾಗಿತ್ತು.

"ಆ ಸಮುದ್ರ ಯಾವಾಗ ತಣ್ಣಗಾದದಂತೆ?" ಅವ್ವ ಮನೆ ದಾರಿಯಲ್ಲಿ ಕೇಳಿದಳು.

"ಮೇಷ್ಟ್ರುಗೂ ಗೊತ್ತಿಲ್ವಂತೆ ಕಣವ್ವ. ಅವ್ರೇ ಅಂದ್ರು."

ಅವ್ವ ತಿಂಗಳಾದ ಮೇಲೆ ಮೊದಲ ಸಲ ನಕ್ಕಳು. "ಗೊತ್ತಿಲ್ಲ ಅನ್ನೋ ಗಂಡಸು ಊರಲ್ಲಿ ಒಬ್ರಾದ್ರೂ ಅವ್ರೆ, ಬುಡು."