ಫಿಲ್ಮಿನ ಮೇಲೆ ಬಿದ್ದ ನೆರಳು

ಸಿಬ್ಬಂದಿಗೆ ತಗುಲಿದ ವಿಕಿರಣ ಅಳೆಯುವ ಬ್ಯಾಡ್ಜುಗಳ ವರದಿ ಬಂದದ್ದು ಬೆಳಿಗ್ಗೆ. ಮಧ್ಯಾಹ್ನದೊಳಗೆ ಇಡೀ ಕ್ಯಾನ್ಸರ್ ವಿಭಾಗದ ಬಾಯಲ್ಲಿ ಒಂದೇ ಮಾತು. ಪರದೇಶದಿಂದ ಓದಲು ಬಂದ ಹುಡುಗಿಯ ಬ್ಯಾಡ್ಜಿಗೆ ಭಾರಿ ವಿಕಿರಣ ತಗುಲಿದೆಯಂತೆ.

ಹುಡುಗಿ ಓದುತ್ತಿದ್ದದ್ದು ಡೋಸಿಮೆಟ್ರಿ. ರೋಗಿಯ ಗಡ್ಡೆಗೆ ಎಷ್ಟು ಕಿರಣ ಕೊಡಬೇಕು, ಯಾವ ಕಡೆಯಿಂದ ಕೊಡಬೇಕು ಎಂದು ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುವ ವಿದ್ಯೆ ಅದು. ಚಿಕಿತ್ಸೆಯ ಕೋಣೆಗೆ ಅವಳು ಹೋಗುತ್ತಿದ್ದದ್ದು ತರಬೇತಿಗೆ ಮಾತ್ರ. ಅಲ್ಲಿ ಯಂತ್ರ ನಡೆಸುವವನು ಟೆಕ್ನಿಷಿಯನ್. ಹುಡುಗಿ ಒಳಗಿದ್ದಾಗಲೇ ಅವನು ಯಂತ್ರ ಚಾಲೂ ಮಾಡಿರಬೇಕು ಎಂದು ವಿಭಾಗದ ಮುಖ್ಯಸ್ಥರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

"ಸಾಯಂಕಾಲದೊಳಗೆ ನಿಮ್ಮ ವರದಿ ಕೊಡಿ. ಅವನನ್ನ ಮನೆಗೆ ಕಳಿಸ್ತೀನಿ," ಎಂದರು.

"ತನಿಖೆ ಮಾಡಿಯೋ, ಮಾಡದೆಯೋ?" ಎಂದರು ವಿಕಿರಣ ಸುರಕ್ಷತಾ ಅಧಿಕಾರಿ.

ಮುಖ್ಯಸ್ಥರು ಫೈಲು ಎತ್ತಿಕೊಂಡು ಹೊರಟುಬಿಟ್ಟರು. ಈ ಹೆಂಗಸಿನ ಹತ್ತಿರ ವಾದಕ್ಕೆ ಇಳಿದು ಗೆದ್ದವರಿಲ್ಲ. ಬ್ಯಾಡ್ಜ್ ಹಾಕದೆ ಓಡಾಡುವವರನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಬೈಯುವುದರಿಂದ ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಬ್ಯಾಡ್ಜಮ್ಮ.

*

ಬ್ಯಾಡ್ಜಮ್ಮ ಮೊದಲು ಫಿಲ್ಮ್ ತರಿಸಿಕೊಂಡರು. ಬ್ಯಾಡ್ಜಿನೊಳಗೆ ಒಂದು ಚೂರು ಫಿಲ್ಮ್ ಇರುತ್ತದೆ, ಅದರ ಮುಂದೆ ಸಣ್ಣ ಲೋಹದ ಬಿಲ್ಲೆಗಳು. ದೀಪಕ್ಕೆ ಹಿಡಿದು ನೋಡಿದರು. ಸುತ್ತಲೂ ಕಪ್ಪು. ಬಿಲ್ಲೆಗಳ ಹಿಂದೆ ಮಾತ್ರ ಬಿಳಿ, ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟು. ಅವರು "ಹೂಂ" ಎಂದು ಫಿಲ್ಮನ್ನು ಜೇಬಿಗೆ ಹಾಕಿಕೊಂಡರು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಟೆಕ್ನಿಷಿಯನ್ ಯಂತ್ರದ ಕೋಣೆಯ ಹೊರಗೆ ನಿಂತಿದ್ದ. ಮುಖ ಬಾಡಿತ್ತು.

"ಬಾಗಿಲು ಹಾಕದೆ ಈ ಯಂತ್ರ ಚಾಲೂನೇ ಆಗಲ್ಲ ಮೇಡಂ. ಒಳಗೆ ಯಾರಿದ್ದಾರೆ ಅಂತ ಪರದೆ ಮೇಲೆ ನೋಡದೆ ನಾನು ಗುಂಡಿ ಮುಟ್ಟಲ್ಲ."

"ಒಂದು ದಿನ ಮರೆತಿರಬಹುದಲ್ಲ?"

"ಮರೆತಿದ್ರೆ ಒಪ್ಕೋತಿದ್ದೆ." ಆಮೇಲೆ ಅವನೇ ಕೇಳಿದ, "ಹುಡುಗಿ ಹೇಗಿದ್ದಾಳೆ? ತಲೆಸುತ್ತು ಏನಾದ್ರೂ ಇದೆಯಾ?"

ಕೆಲಸ ಹೋಗುವ ಹೊತ್ತಿನಲ್ಲೂ ಇವನಿಗೆ ಹುಡುಗಿಯ ಚಿಂತೆ.

ಆಮೇಲೆ ಹುಡುಗಿಯ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದ ಸಹಪಾಠಿಯನ್ನು ಕರೆಸಿದರು. ಇಬ್ಬರಿಗೂ ಅಡುಗೆಮನೆಯ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು.

"ಪಾತ್ರೆ ತೊಳೆಯಲ್ಲ ಅಂತ ಜಗಳ ಆಡಿದ್ದು ನಿಜ. ಅದಕ್ಕೆ ಅವಳ ಬ್ಯಾಡ್ಜ್ ತಗೊಂಡು ಟ್ರೀಟ್‌ಮೆಂಟ್ ರೂಮಲ್ಲಿ ಇಟ್ಟು ಬರ್ತೀನಾ ಮೇಡಂ?"

ಎಲ್ಲರ ಬಾಯಲ್ಲೂ ಅದೇ ಕೋಣೆ. ಬ್ಯಾಡ್ಜಮ್ಮ ಅವಳನ್ನು ಕಳಿಸಿಬಿಟ್ಟರು.

*

ಹುಡುಗಿ ಬಂದಾಗ ಸಂಜೆಯಾಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ. ಅಷ್ಟರಲ್ಲಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದಳು. ಅಮ್ಮ ಅತ್ತು ಕರೆದು, ಓದು ಬಿಟ್ಟು ಬಂದುಬಿಡು ಎಂದಿದ್ದರು.

"ಟೆಕ್ನಿಷಿಯನ್‌ನ ಇವತ್ತೇ ತೆಗೀತಾರೆ," ಎಂದರು ಬ್ಯಾಡ್ಜಮ್ಮ. "ಲೈಸೆನ್ಸೂ ಹೋಗುತ್ತೆ."

ಹುಡುಗಿ ಎದ್ದು ನಿಂತಳು. "ಟೆಕ್ನಿಷಿಯನ್ ಅಣ್ಣನ್ನ ಯಾಕೆ ತೆಗೀತಾರೆ? ಅವರಿಗೂ ಇದಕ್ಕೂ ಏನು ಸಂಬಂಧ? ನಾವು ಪ್ರಾಕ್ಟಿಕಲ್ ಮಾಡೋ ಎಕ್ಸ್‌ರೇ ಲ್ಯಾಬಿನ ಕೀನೇ ಅವರ ಹತ್ತಿರ ಇಲ್ಲ!"

ಬ್ಯಾಡ್ಜಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಕ್ಸ್‌ರೇ ಲ್ಯಾಬಿನ ಮಾತು ಯಾರಮ್ಮ ತೆಗೆದ್ರು?"

ಹುಡುಗಿ ಕೂತುಬಿಟ್ಟಳು.

"ಬೆಳಿಗ್ಗೆಯಿಂದ ಎಲ್ಲರೂ ಚಿಕಿತ್ಸೆಯ ಕೋಣೆ ಅಂತಿದ್ದಾರೆ. ಎಕ್ಸ್‌ರೇ ಅಂತ ಗೊತ್ತಿದ್ದದ್ದು ನನಗೆ, ಮತ್ತೆ ಮಾಡಿದವರಿಗೆ." ಫಿಲ್ಮನ್ನು ಅವಳ ಮುಂದೆ ಹಿಡಿದರು. "ಚಿಕಿತ್ಸೆಯ ಕಿರಣಕ್ಕೆ ಈ ಬಿಲ್ಲೆಗಳು ಲೆಕ್ಕಕ್ಕಿಲ್ಲ, ದಾಟಿ ಹೋಗುತ್ತೆ. ಫಿಲ್ಮ್ ಎಲ್ಲಾ ಕಡೆ ಕಪ್ಪಾಗಬೇಕಿತ್ತು. ಎಕ್ಸ್‌ರೇಗೆ ಅಷ್ಟು ಶಕ್ತಿ ಇಲ್ಲ, ಲೋಹದಲ್ಲೇ ನಿಂತುಹೋಯ್ತು. ಅಂಚು ನೋಡು. ಮೈಮೇಲೆ ಹಾಕ್ಕೊಂಡು ಓಡಾಡಿದ್ರೆ ನೆರಳು ಕದಲಿ ಮಸುಕಾಗುತ್ತೆ. ಇದು ಕದಲಿಲ್ಲ. ಬ್ಯಾಡ್ಜನ್ನ ಮೇಜಿನ ಮೇಲಿಟ್ಟು, ಆಚೆ ನಿಂತು, ಮತ್ತೆ ಮತ್ತೆ ಗುಂಡಿ ಒತ್ತಿದ್ದೀಯ."

"ಈ ಪಾಠ ಇನ್ನೂ ಆಗಿರಲಿಲ್ಲ," ಎಂದಳು ಹುಡುಗಿ, ತಗ್ಗಿದ ದನಿಯಲ್ಲಿ.

"ಮುಂದಿನ ಸೆಮಿಸ್ಟರಿನಲ್ಲಿದೆ. ನಾನೇ ಮಾಡೋದು. ಯಾಕೆ ಮಾಡಿದೆ?"

"ಫಿಸಿಕ್ಸ್ ಎರಡನೇ ಸಲ ಹೋಯ್ತು ಮೇಡಂ. ಮನೇಲಿ ಗೊತ್ತಿಲ್ಲ. ಮಗಳು ಡಾಕ್ಟರುಗಳಿಗೇ ಲೆಕ್ಕ ಹೇಳಿಕೊಡ್ತಾಳೆ ಅಂತ ಅಪ್ಪ ಊರೆಲ್ಲಾ ಸಾರಿದ್ದಾರೆ. ಫೇಲಾಗಿ ಹೋದ್ರೆ ಯಾವ ಮುಖ ಇಟ್ಕೊಂಡು ಹೋಗಲಿ? ಕಿರಣ ತಗುಲಿ ಬಂದ್ಲು ಅಂದ್ರೆ ಯಾರೂ ಏನೂ ಅನ್ನಲ್ಲ." ಕಣ್ಣೊರೆಸಿಕೊಂಡಳು. "ಅಣ್ಣನ ತಲೆಗೆ ಬರುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ."

ಬ್ಯಾಡ್ಜಮ್ಮನಿಗೆ ಕೋಪ ಬಂತು, ಅಯ್ಯೋ ಎಂದೂ ಅನಿಸಿತು. ಅಲ್ಲೇ ಮುಖ್ಯಸ್ಥರಿಗೆ ಫೋನ್ ಮಾಡಿ, ಟೆಕ್ನಿಷಿಯನ್‌ದು ಏನೂ ತಪ್ಪಿಲ್ಲ, ವರದಿ ಬರೆದು ತರುತ್ತೇನೆ ಎಂದರು.

"ನಿನ್ನ ವಿಷಯ ಕಾಲೇಜಿನ ಶಿಸ್ತು ಸಮಿತಿ ನೋಡ್ಕೊಳ್ಳುತ್ತೆ. ಸೀಟು ಉಳಿಯೋದು ಕಷ್ಟ. ಮೊದಲು ಅಮ್ಮನಿಗೆ ನಿಜ ಹೇಳು. ಆ ತಾಯಿ ನಿನಗೇನಾಯ್ತೋ ಅಂತ ಅಲ್ಲಿ ಒದ್ದಾಡ್ತಿರ್ತಾರೆ."

*

ಹುಡುಗಿ ಅಲ್ಲಿಂದಲೇ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮನ ದನಿ ಜೋರು, ಮೇಜಿನಾಚೆ ಕೂತ ಬ್ಯಾಡ್ಜಮ್ಮನಿಗೂ ಕೇಳಿಸುತ್ತಿತ್ತು.

"ಅಮ್ಮಾ? ಬೈಯಮ್ಮ, ಪರವಾಗಿಲ್ಲ."

"ಆ ಮನುಷ್ಯನ ಕೆಲಸ ಉಳೀತಾ?"

"ಉಳೀತು."

"ಅವರ ಮುಂದೆ ನಿಂತು ತಪ್ಪಾಯ್ತು ಅಂದ್ಯಾ?"

"ಇನ್ನೂ ಇಲ್ಲ."

"ಮತ್ತೆ ನನ್ನ ಹತ್ತಿರ ಏನು ಮಾತಾಡ್ತಾ ಕೂತಿದ್ದೀಯ? ಮೊದಲು ಅಲ್ಲಿಗೆ ಹೋಗು. ಆಮೇಲೆ ಮನೆಗೆ ಬಾ."

ಹುಡುಗಿ ಫೋನ್ ಇಟ್ಟು, ಮುಖ ತೊಳೆದುಕೊಂಡು, ಯಂತ್ರದ ಕೋಣೆಯ ಕಡೆ ನಡೆದಳು.