ಐವತ್ತನಾಲ್ಕರ ಗೂಡು

"ತಳ್ಳು... ಇನ್ನೂ ಸ್ವಲ್ಪ ತಳ್ಳು... ಏಯ್, ನಿಲ್ಲು ನಿಲ್ಲು!"

ಅಮ್ಮ ಕೂಗಿದ ಕೂಡಲೇ ಚೋಟು ಕೈ ತೆಗೆದಳು. ಹೊಸ ಮೈಕ್ರೋವೇವ್ ಓವನ್ನು ಗೂಡಿನ ಬಾಯಲ್ಲಿ ಓರೆಯಾಗಿ ನಿಂತುಬಿಟ್ಟಿತ್ತು. ಒಂದು ಮೂಲೆ ಒಳಗೆ, ಇನ್ನೊಂದು ಮೂಲೆ ಹೊರಗೆ.

"ಇದು ಜಪ್ಪಯ್ಯ ಅಂದ್ರೂ ಹೋಗಲ್ಲ," ಅಂದಳು ಅಮ್ಮ. ಇಬ್ಬರೂ ಸೇರಿ ಅದನ್ನು ಮೆಲ್ಲಗೆ ಹೊರಗೆ ಎಳೆದು ಮಂಚದ ಮೇಲಿಟ್ಟರು.

ಮಂಚ ಎರಡೇ ಹೆಜ್ಜೆ ದೂರದಲ್ಲಿತ್ತು. ಯಾಕೆಂದರೆ ಅವರು ಇದ್ದದ್ದು ಒಂದು ಮನೆಗಾಡಿಯೊಳಗೆ. ಮುಂದೆ ಸ್ಟೀರಿಂಗು, ಹಿಂದೆ ಮಂಚ, ನಡುವೆ ಪುಟಾಣಿ ಅಡುಗೆಕಟ್ಟೆ. ಗಾಡಿಯಂತೆ ಓಡುತ್ತದೆ, ನಿಂತರೆ ಮನೆ. ಇಂಥ ಗಾಡಿಗಳನ್ನು ರಿಪೇರಿ ಮಾಡುವುದೇ ಅಮ್ಮನ ಕೆಲಸ. ಊರಿನವರೆಲ್ಲ ಅವಳನ್ನು 'ಸ್ಪ್ಯಾನರಕ್ಕ' ಅನ್ನುತ್ತಿದ್ದರು. ಮಗಳಿಗೆ ಹತ್ತು ವರ್ಷ ತುಂಬಿದ್ದರೂ ನೋಡಲು ಚೋಟುದ್ದ ಇದ್ದಳು, ಹಾಗಾಗಿ ಅವಳು ಚೋಟು. ಸ್ಕೂಲಿಗೆ ರಜೆ ಇದ್ದ ದಿನ ಅಮ್ಮನ ಹಿಂದೆ ಬಾಲದ ಹಾಗೆ ಬರುತ್ತಿದ್ದಳು.

ಈ ಮನೆಗಾಡಿ ಟೀಚರಜ್ಜಿಯದು. ನಲವತ್ತು ವರ್ಷ ಪಾಠ ಹೇಳಿ ರಿಟೈರ್ ಆದಮೇಲೆ ಅವರು ಡ್ರೈವಿಂಗ್ ಕಲಿತು, ಗಾಡಿ ಕೊಂಡು, ತಮ್ಮನನ್ನು ಕೂರಿಸಿಕೊಂಡು ಊರೂರು ಸುತ್ತುತ್ತಿದ್ದರು. ನಾಳೆ ಬೆಳಿಗ್ಗೆ ಸಮುದ್ರ ನೋಡಲು ಹೊರಡುವವರಿದ್ದರು. ತಮ್ಮ ಅಂದರೆ ಚಿಕ್ಕವರೇನಲ್ಲ, ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿಲ್ಲದ ತಾತ. ಅವರ ಕೈ ಯಾವಾಗಲೂ ನಡುಗುತ್ತಿತ್ತು. ಗ್ಯಾಸ್ ಒಲೆ ಮುಟ್ಟುವ ಹಾಗಿರಲಿಲ್ಲ.

"ಹೋಗಲ್ವೇನಮ್ಮಾ?" ಎಂದು ತಾತ ಕೇಳಿದರು. ಬೆಳಗಿನಿಂದ ಹಾಲಿನ ಗಾಜಿನ ಲೋಟವನ್ನು ಮೂರು ಸಲ ತೊಳೆದಿಟ್ಟಿದ್ದರು. "ನಂಗೇನೂ ಅರ್ಜೆಂಟಿಲ್ಲ. ಆದ್ರೆ ನೋಡು, ಗಾಡಿ ಓಡ್ಸೋದು ಅಕ್ಕ, ಗಾಡಿ ತೊಳ್ಯೋದು ಅಕ್ಕ. ಅವಳು ಎಲ್ಲಿ ನಿಲ್ಸಿದ್ರೂ ಒಂದು ಲೋಟ ಬಿಸಿ ಹಾಲು ಕೊಡೋದು ಮಾತ್ರ ನಾನು. ಬಟನ್ ಒತ್ತೋದು ಈ ಕೈಗೂ ಬರುತ್ತೆ. ಅದೂ ಇಲ್ಲ ಅಂದ್ರೆ ನಾನೂ ಒಂದು ಲಗೇಜು, ಅಷ್ಟೇ."

"ಲಗೇಜಾದ್ರೆ ಬಾಯಾದ್ರೂ ಮುಚ್ಕೊಂಡಿರುತ್ತೆ ಕಣೋ," ಎಂದು ಡ್ರೈವರ್ ಸೀಟಿನಿಂದ ಟೀಚರಜ್ಜಿ ಕೂಗಿದರು. ತಾತ ಕಿಸಕ್ಕನೆ ನಕ್ಕರು.

ಚೋಟು ನಗಲಿಲ್ಲ. ಓವನ್ನು ಯಾಕೆ ಒಳಗೆ ಹೋಗಲಿಲ್ಲ ಅನ್ನುವುದು ಆ ಗಾಡಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಹೋದ ವಾರ ಅಮ್ಮ ಗಾಡಿಯ ಕೆಳಗೆ ಮಲಗಿ ನೀರಿನ ಪೈಪು ಸರಿಮಾಡುತ್ತಿದ್ದಳು. ಅಲ್ಲಿಂದಲೇ ಕೂಗಿದ್ದಳು: "ಚೋಟೂ, ಆ ಕೆಟ್ಟೋಗಿರೋ ಹಳೇ ಓವನ್ ಸುತ್ತ ಒಂದು ಫ್ರೇಮ್ ಇದೆ ನೋಡು. ನಾಲ್ಕು ಸ್ಕ್ರೂ ಬಿಚ್ಚಿ ಫ್ರೇಮ್ ತೆಗೆದು ಒಳಗಿನ ಗೂಡಿನ ಅಗಲ ಅಳೀತೀಯಾ? ಬರುತ್ತಾ, ನಾನೇ ಬರ್ಲಾ?"

"ನಂಗೆಲ್ಲಾ ಬರುತ್ತೆ!" ಅಂದಿದ್ದಳು ಚೋಟು. ಜಂಬದ ಕೋಳಿ.

ಮೂರು ಸ್ಕ್ರೂ ಸಲೀಸಾಗಿ ಬಂದವು. ನಾಲ್ಕನೆಯದರ ತಲೆ ಸವೆದುಹೋಗಿತ್ತು. ಎಷ್ಟು ತಿರುಗಿಸಿದರೂ ಸ್ಕ್ರೂಡ್ರೈವರ್ ಗಿರಗಿರ ಸುತ್ತಿತೇ ಹೊರತು ಸ್ಕ್ರೂ ಅಲುಗಲಿಲ್ಲ. ಬರುತ್ತೆ ಎಂದು ಕೂಗಿಯಾಗಿತ್ತು. ಈಗ ಬರಲ್ಲ ಅನ್ನುವುದು ಹೇಗೆ? ಅವಳು ಮೂರು ಸ್ಕ್ರೂಗಳನ್ನು ಮತ್ತೆ ಹಾಕಿ ಫ್ರೇಮಿನ ಹೊರಗಿನಿಂದಲೇ ಅಳೆದಳು. ಐವತ್ತಾರು ಸೆಂಟಿಮೀಟರ್ ಬಂತು. ಫ್ರೇಮಿನ ದಪ್ಪ ಎರಡು ಇರಬಹುದು ಎಂದು ತಾನೇ ಲೆಕ್ಕ ಹಾಕಿ, "ಐವತ್ನಾಲ್ಕು!" ಎಂದು ಕೂಗಿಬಿಟ್ಟಳು. ಅಮ್ಮ ಕೆಳಗಿನಿಂದಲೇ "ಶಭಾಷ್" ಅಂದಳು.

ಇವತ್ತು ಅಮ್ಮ ಅದೇ ಸ್ಕ್ರೂವಿನ ತಲೆಯ ಮೇಲೆ ಒಂದು ರಬ್ಬರ್ ಬ್ಯಾಂಡ್ ಇಟ್ಟು ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದ್ದಳು. ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂದಿತ್ತು. ಅಷ್ಟೇ ಕೆಲಸ. ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ಓವನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ಅಣ್ಣಾ, ಐವತ್ನಾಲ್ಕರ ಗೂಡಿಗೆ ಹಿಡಿಸೋ ಓವನ್ ಕೇಳಿದ್ನಲ್ಲ, ಯಾವ್ದು ಕಳ್ಸಿದ್ದೀರಾ? ಇದು ಒಳಗೇ ಹೋಗ್ತಾ ಇಲ್ಲ!"

"ಹೌದಾ ಅಕ್ಕಾ?" ಅಂಗಡಿಯವರ ದನಿ ಸಣ್ಣದಾಯಿತು. "ನಾನು ಐವತ್ನಾಲ್ಕಕ್ಕೇ ಅಂತ ಆರಿಸಿದ್ದು. ಒಳಗೆ ಗಾಳಿ ಆಡ್ಲಿ ಅಂತ ಎರಡು ಸೆಂಟಿಮೀಟರ್ ಕಮ್ಮೀದೇ ಕೊಟ್ಟೆ. ನಿಮ್ಮ ಅಳತೆ ಸರಿ ಇದೆ ತಾನೆ?"

"ಅಳತೆ ಬಗ್ಗೆ ಮಾತಾಡ್ಬೇಡಿ. ನನ್ನ ಮಗಳೇ ಕೈಯಾರೆ ಅಳೆದಿದ್ದು."

"ಹಾಗಾದ್ರೆ ನನ್ನದೇ ಏನೋ ಎಡವಟ್ಟು ಅಕ್ಕಾ. ಸಾರಿ. ವಾಪಸ್ ತಗೋತೀನಿ. ಆದ್ರೆ ಬೇರೇದು ಬರೋಕೆ ಹತ್ತು ದಿನ ಆಗುತ್ತೆ."

ಹತ್ತು ದಿನ! ತಾತ ತೊಳೆದಿಟ್ಟ ಲೋಟವನ್ನು ಎತ್ತಿ ಮತ್ತೆ ಒಳಗಿಟ್ಟರು. ಲೋಟ ಪಕ್ಕದ ತಟ್ಟೆಗೆ ತಾಗಿ ಕಿಣಿಕಿಣಿ ಅಂದಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚೋಟು ತನಗೇ ಗೊತ್ತಿಲ್ಲದೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯವರೇ ತಪ್ಪು ಒಪ್ಪಿಕೊಂಡಾಗಿದೆ. ಆದರೆ 'ನನ್ನ ಮಗಳೇ ಅಳೆದಿದ್ದು' ಎಂದು ಅಮ್ಮ ಹೇಳಿದ್ದಳಲ್ಲ, ಅದನ್ನು ಕೇಳಿದ ಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಅಮ್ಮಾ," ಅಂದಳು. "ಅವರ ತಪ್ಪಲ್ಲ."

"ಮತ್ತೆ?"

"ನಾನು ಗೂಡು ಅಳೀಲೇ ಇಲ್ಲ. ಹೊರಗಡೆ ಫ್ರೇಮ್ ಅಳೆದು, ಎರಡು ಕಳೆದು ಹೇಳ್ದೆ. ಒಂದು ಸ್ಕ್ರೂ ಬರ್ಲೇ ಇಲ್ಲಮ್ಮ."

ಅಮ್ಮ ಟೇಪ್ ಎಳೆದು ಖಾಲಿ ಗೂಡನ್ನು ಅಳೆದಳು. "ಐವತ್ತೊಂದು," ಅಂದಳು ತನ್ನಷ್ಟಕ್ಕೆ. ಆಮೇಲೆ ಮಗಳ ಕಡೆ ತಿರುಗಿದಳು. "ಬರ್ಲಿಲ್ಲ ಅಂತ ಕೂಗ್ಬಹುದಿತ್ತಲ್ಲ?"

"ಎಲ್ಲಾ ಬರುತ್ತೆ ಅಂತ ಹೇಳ್ಬಿಟ್ಟಿದ್ದೆ."

ಅಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಬೈಯಲಿಲ್ಲ. ಅವಳ ಮುಖ ಮಾತ್ರ ಸಪ್ಪಗಾಯಿತು. ಮತ್ತೆ ಅದೇ ನಂಬರಿಗೆ ಫೋನ್ ಮಾಡಿದಳು.

"ಅಣ್ಣಾ, ತಪ್ಪು ನಿಮ್ದಲ್ಲ, ನಮ್ದು. ಅಳತೆ ನಾವೇ ತಪ್ಪು ಕೊಟ್ಟಿದ್ವಿ. ಸುಮ್ನೆ ನಿಮ್ಮ ಮೇಲೆ ಕೂಗಾಡ್ದೆ, ಬೇಜಾರು ಮಾಡ್ಕೋಬೇಡಿ."

ನಾವೇ ಅಂದಳು ಅಮ್ಮ. ಮಗಳು ಅನ್ನಲಿಲ್ಲ. ಚೋಟುವಿನ ಕಣ್ಣಿಂದ ಫಳಕ್ಕನೆ ನೀರು ಬಂತು. ಅವಳು ಮುಖ ಆಚೆ ತಿರುಗಿಸಿ ಫ್ರಿಜ್ಜಿನ ಬಾಗಿಲು ನೋಡುತ್ತ ನಿಂತಳು.

ಟೀಚರಜ್ಜಿ ಸೀಟಿನಿಂದ ಎದ್ದು ಬಂದರು. "ಹೋಗ್ಲಿ ಬಿಡಮ್ಮ. ಸಮುದ್ರ ಎಲ್ಲಿಗೂ ಹೋಗಲ್ಲ, ಹತ್ತು ದಿನ ಬಿಟ್ಟು ಹೋದ್ರಾಯ್ತು."

"ಇರಿ ಟೀಚರ್," ಅಂದಳು ಅಮ್ಮ. ಗೂಡಿನ ಎಡಗಡೆಯ ಹಲಗೆಯನ್ನು ಬೆರಳಿನಿಂದ ಟಕಟಕ ಬಡಿದಳು. "ಈ ಹಲಗೆ ಆಚೆ ಏನಿಡ್ತೀರಿ?"

"ತಟ್ಟೆಗಳು."

"ತಟ್ಟೆ ಗೂಡಿಂದ ಮೂರು ಸೆಂಟಿಮೀಟರ್ ನಂಗೆ ಕೊಡ್ತೀರಾ?"

"ಅಷ್ಟೇ ತಾನೆ? ತಟ್ಟೆ ಮಲಗಿಸೋ ಬದ್ಲು ನಿಲ್ಲಿಸಿಡ್ತೀನಿ, ತಗೋ."

ಅಮ್ಮ ಮಗಳ ಕಡೆ ನೋಡಿದಳು. "ಐವತ್ತೊಂದಕ್ಕೆ ಮೂರು ಸೇರಿಸಿದ್ರೆ ಎಷ್ಟೇ?"

ಚೋಟು ಮೂಗು ಒರೆಸಿಕೊಂಡಳು. "ಐವತ್ನಾಲ್ಕು."

"ನೀನು ಹೇಳಿದ್ದೂ ಅದೇ ಅಲ್ವಾ? ಬಾ, ಐವತ್ನಾಲ್ಕೇ ಮಾಡೋಣ."

ತಾತ ಹೋ ಎಂದು ನಕ್ಕುಬಿಟ್ಟರು. ಚೋಟುವಿಗೂ ಅಳುವಿನ ನಡುವೆಯೇ ನಗು ಬಂತು.

ಹೇಳಿದಷ್ಟು ಸುಲಭದ ಕೆಲಸವೇನಲ್ಲ ಅದು. ಮೇಲಿನ ಕಪಾಟಿನ ಭಾರವೆಲ್ಲ ಆ ಹಲಗೆಯ ಮೇಲೆಯೇ ಕೂತಿತ್ತು. ಅಮ್ಮ ಸ್ಕ್ರೂ ಬಿಚ್ಚಿ, ಕಪಾಟಿನ ಅಡಿಗೆ ಹೆಗಲು ಕೊಟ್ಟು ಹಲಗೆಯನ್ನು ಮೆಲ್ಲಗೆ ಸರಿಸಿದಳು. ಎಡಗೈಯಲ್ಲಿ ಹಲಗೆ ಹಿಡಿದು, ಬಲಗೈಯಲ್ಲಿ ಡ್ರಿಲ್ ತೆಗೆದುಕೊಂಡಳು.

"ಚೋಟು, ಬಲಗೋಡೆಯಿಂದ ಐವತ್ನಾಲ್ಕಕ್ಕೆ ಪೆನ್ಸಿಲ್ ಗುರುತು ಹಾಕು. ಕೆಳಗೆರಡು, ಮೇಲೆರಡು. ಇದು ತೆಳೂ ಹಲಗೆ, ಒಂದ್ಸಲ ತೂತು ತಪ್ಪಿದ್ರೆ ಪಕ್ಕದಲ್ಲಿ ಇನ್ನೊಂದು ಹೊಡೆಯೋಕಾಗಲ್ಲ."

ಚೋಟು ಅರ್ಧ ದೇಹ ಗೂಡಿನೊಳಗೆ ತೂರಿಸಿದಳು. ಒಳಗೆ ಹಳೆಯ ಧೂಳಿನ ವಾಸನೆ. ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಅಳೆದಳು. ಮತ್ತೆ ಅಳೆದಳು. ಟೇಪು ಡೊಂಕಾಗಿದೆಯೇನೋ ಎಂದು ನೆಟ್ಟಗೆ ಮಾಡಿ ಮೂರನೇ ಸಲ ಅಳೆದಳು. ಪೆನ್ಸಿಲಿನಿಂದ ನಾಲ್ಕು ಗುರುತು ಹಾಕಿ ಹೊರಗೆ ಬಂದಳು.

"ಅಮ್ಮ, ಮೇಲೆ ಹಿಂದಿನ ಮೂಲೆಯಲ್ಲಿ ಟೇಪ್ ನೆಟ್ಟಗೆ ಕೂರ್ತಾ ಇಲ್ಲ. ಏನೋ ವೈರ್ ಅಡ್ಡ ಇದೆ. ಅದೊಂದು ಸರಿಯಾಗಿ ಗೊತ್ತಾಗ್ಲಿಲ್ಲ."

"ಪ್ಲಗ್ಗಿನ ವೈರ್ ಅದು. ಮೇನ್ ಸ್ವಿಚ್ ಆಫ್ ಮಾಡಿದೀನಿ. ಮೇಲೆತ್ತಿ ಹಿಡ್ಕೊಂಡು ಅಳಿ."

ಅವಳು ಮತ್ತೆ ಒಳಗೆ ಹೋದಳು. ಈ ಸಲ ಗುರುತು ಒಂದು ಕೂದಲೆಳೆಯಷ್ಟು ಎಡಕ್ಕೆ ಬಂತು. ಹಳೆಯದನ್ನು ಅಳಿಸಿ ಹೊಸದು ಹಾಕಿದಳು. "ಈಗ ಸರಿ ಇದೆ," ಅಂದಳು.

"ನಾನು ಹಲಗೆ ಹಿಡ್ಕೋತೀನಿ, ನೀನೊಂದ್ಸಲ ನೋಡ್ಬಿಡಮ್ಮ," ಎಂದು ಟೀಚರಜ್ಜಿ ಕೈ ಚಾಚಿದರು.

ಅಮ್ಮನ ಕಣ್ಣು ಟೇಪಿನ ಕಡೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ಬೇಡ ಟೀಚರ್. ಅವಳು ನೋಡಿದಾಳೆ."

ಡ್ರಿಲ್ ಕಿರ್ರೆಂದಿತು. ಪೆನ್ಸಿಲ್ ಗುರುತುಗಳ ಮೇಲೆ ಒಂದೊಂದಾಗಿ ತೂತು ಬಿದ್ದವು.

ಹಲಗೆ ಗಟ್ಟಿಯಾಗಿ ಕೂತಿತು. ಮತ್ತೆ ಓವನ್ನನ್ನು ಎತ್ತಿ ತಳ್ಳಿದರೆ ಸುಯ್ಯೆಂದು ಒಳಗೆ ಹೋಯಿತು. ಆಚೆ ಒಂದು ಬೆರಳು, ಈಚೆ ಒಂದು ಬೆರಳು ಗಾಳಿಗೆ ಜಾಗ ಉಳಿಯಿತು. ಅಮ್ಮ ಓವನ್ ಜೊತೆ ಬಂದಿದ್ದ ಹೊಸ ಫ್ರೇಮು ಕೂರಿಸಿ ಮೇನ್ ಸ್ವಿಚ್ ಹಾಕುವುದರೊಳಗೆ ತಾತ ಲೋಟಕ್ಕೆ ಹಾಲು ಸುರಿದಾಗಿತ್ತು. ನಡುಗುವ ಬೆರಳು ಎರಡು ಸಲ ಪಕ್ಕದ ಬಟನ್ ಮುಟ್ಟಿ ಮೂರನೇ ಸಲ ಸರಿಯಾದದ್ದನ್ನು ಒತ್ತಿತು. ಒಳಗೆ ಹಳದಿ ಬೆಳಕು ಹತ್ತಿತು.

"ಅಕ್ಕಾ, ತಗೋ!"

ಟೀಚರಜ್ಜಿ ಒಂದು ಗುಟುಕು ಕುಡಿದರು. "ನಾಲಿಗೆ ಸುಟ್ಟೋಯ್ತು ಕಣೋ," ಎಂದು ಬೈದು ಪೂರ್ತಿ ಲೋಟ ಖಾಲಿ ಮಾಡಿದರು.

ಸಂಜೆ ಅಮ್ಮ, ಮಗಳು ಹಳೆಯ ಓವನ್ನನ್ನು ಆಚೆ ಈಚೆ ಹಿಡಿದುಕೊಂಡು ಗ್ಯಾರೇಜಿನ ಕಡೆ ನಡೆದರು. ಒಳ್ಳೇ ಭಾರವಿತ್ತು. ಅಮ್ಮ ಎತ್ತರ, ಚೋಟು ಗಿಡ್ಡ, ಹಾಗಾಗಿ ಓವನ್ನು ವಾಲಿಕೊಂಡೇ ಬರುತ್ತಿತ್ತು.

"ಅಮ್ಮಾ, ನಿಂಗೆ ಭಯ ಆಗ್ಲಿಲ್ವಾ?"

"ಯಾವಾಗ?"

"ನನ್ನ ಅಳತೆ ನೋಡ್ದೇನೇ ಡ್ರಿಲ್ ಮಾಡ್ದಾಗ."

"ಆಯ್ತು. ತುಂಬಾನೇ ಆಯ್ತು," ಅಂದಳು ಅಮ್ಮ.

ಚೋಟು ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಅಮ್ಮ ದಾರಿ ನೋಡುತ್ತ ನಡೆಯುತ್ತಿದ್ದಳು. ಅವಳ ಕೆನ್ನೆಯ ಮೇಲೆ ಮರದ ಪುಡಿ ಅಂಟಿತ್ತು. ಚೋಟು ಕೈಗಳನ್ನು ಓವನ್ನಿನ ಅಡಿಗೆ ಇನ್ನಷ್ಟು ಒಳಗೆ ತೂರಿಸಿ, ಭಾರವನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.